ಆ್ಯಪ್ ಅಳಿಸಿದ ಮೊಮ್ಮಗನಿಗೆ

ನಾಯಕನಪಾಳ್ಯ, ಸಾವನದುರ್ಗದ ಬುಡ
ಮಾಗಡಿ ತಾಲ್ಲೂಕು

ಪುಟ್ಟ,

ಇಲ್ಲಿ ಅವರೆಕಾಯಿ ಶುರುವಾಗಿದೆ, ಈ ಸಲ ಸೊಗಡು ಜೋರಾಗಿದೆ. ರಾಗಿ ಕೊಯ್ಲು ಮುಗಿದು ನಿನ್ನ ತಾತ ಕಣ ಬಿಟ್ಟು ಮನೆಗೇ ಬರುತ್ತಿಲ್ಲ. ನೀನು ಫೋನಿನಿಂದ ಆ ಸಕ್ಕರೆ ಕಾಯಿಲೆ ಆ್ಯಪನ್ನು ಅಳಿಸಿ ಹಾಕಿದ್ದೀಯ ಅಂತ ನಿಮ್ಮಮ್ಮ ಹೇಳಿದಳು. "ದಿನಾ ಬೆಳಗಾದರೆ ಕೆಂಪು ತೋರಿಸುತ್ತೆ, ನೋಡಿ ನೋಡಿ ತಲೆ ಕೆಟ್ಟುಹೋಯಿತು" ಅಂದೆಯಂತೆ. ಬೈಯಲು ಬರೆಯುತ್ತಿಲ್ಲ ಕಣಪ್ಪ, ಆ ಕೆಲಸ ನಿಮ್ಮಮ್ಮ ಮಾಡಿ ಮುಗಿಸಿದ್ದಾಳೆ. ವಾಟ್ಸಾಪಿನಲ್ಲಿ ಇಷ್ಟುದ್ದ ಕಳಿಸಿದರೆ ನೀನು ಹೆಬ್ಬೆರಳು ಎತ್ತಿ ತೋರಿಸಿ ಸುಮ್ಮನಾಗುತ್ತೀಯ. ಅದಕ್ಕೇ ಕಾಗದದ ಮೇಲೆ ಬರೆದು ನಿಮ್ಮ ಮಾವನ ಕೈಲಿ ಕಳಿಸುತ್ತಿದ್ದೇನೆ.

ಅದೇ ಆ್ಯಪನ್ನು ನನ್ನ ಫೋನಿಗೆ ಹಾಕಿಕೊಟ್ಟವನು ನೀನು. ಹೋದ ವರ್ಷ ಗೌರಿ ಹಬ್ಬಕ್ಕೆ ಬಂದಾಗ ಜಗಲಿ ಮೇಲೆ ಕೂತು ಅಕ್ಷರ ದೊಡ್ಡದು ಮಾಡಿ, ಮೀಟರಿಗೂ ಫೋನಿಗೂ ಬ್ಲೂಟೂತ್ ಜೋಡಿಸಿ, ಮಾತ್ರೆ ಹೊತ್ತಿಗೆ ಗಂಟೆ ಹೊಡೆಯುವ ಹಾಗೆ ಮಾಡಿಕೊಟ್ಟೆ. ಆಗ ನಿನಗೆ ಸಕ್ಕರೆ ಇರಲಿಲ್ಲ, ಇದ್ದರೂ ಗೊತ್ತಿರಲಿಲ್ಲ. ಆಮೇಲೆ ಕಂಪನಿಯ ತಪಾಸಣೆಯಲ್ಲಿ ಖಾಲಿ ಹೊಟ್ಟೆಗೆ 148, ಎಚ್‌ಬಿಎ1ಸಿ 7.8 ಅಂತ ಬಂತು. ಇಪ್ಪತ್ತಾರಕ್ಕೇ ನನಗೆ ಯಾಕೆ ಬಂತು ಅಂತ ಅಂದಿನಿಂದ ಕೇಳುತ್ತಲೇ ಇದ್ದೀಯ. ಅಜ್ಜಿಗಿದೆ, ಮಾವನಿಗಿದೆ, ನಿನ್ನದು ರಾತ್ರಿ ಪಾಳಿ, ಕುರ್ಚಿ ಕೆಲಸ, ಸೊಂಟದ ಸುತ್ತ ಬೊಜ್ಜು. ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ನೀನೊಬ್ಬನೇ ಅಂತಲೂ ತಿಳಿಯಬೇಡ. ಐಸಿಎಂಆರ್‌ನವರು ದೇಶದ ಎಲ್ಲ ರಾಜ್ಯಗಳಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಇಂಡಿಯಾಬ್ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಈ ಕಾಯಿಲೆಯವರು 10 ಕೋಟಿ ದಾಟಿದ್ದಾರೆ. ಪಟ್ಟಣದಲ್ಲಿ ನೂರಕ್ಕೆ ಸುಮಾರು 16, ಹಳ್ಳಿಯಲ್ಲಿ ಸುಮಾರು 9. ಇಲ್ಲಿಗೆ ನಮ್ಮೂರಿನವರು ಸಮಾಧಾನಪಟ್ಟುಕೊಳ್ಳಬಹುದಿತ್ತು. ಆದರೆ ಇನ್ನೂ ಕಾಯಿಲೆಯಾಗದೆ ಅದರ ಹೊಸ್ತಿಲಲ್ಲಿ ನಿಂತವರ ಲೆಕ್ಕ ಪಟ್ಟಣದಲ್ಲೂ ಹಳ್ಳಿಯಲ್ಲೂ ನೂರಕ್ಕೆ ಹತ್ತಿರ ಹತ್ತಿರ 15. ಹೊಲದಲ್ಲಿ ಗೇಯುವವರಿಗೆ ಸಕ್ಕರೆ ಬರಲ್ಲ ಅನ್ನುವ ಮಾತು ಆ ಒಂದು ಸಾಲಿಗೇ ಬಿದ್ದುಹೋಗುತ್ತದೆ.

ಇನ್ನು ನಿನ್ನ ಕೆಂಪಿನ ವಿಷಯ. ಬಣ್ಣ ನೋಡಿ ಸಕ್ಕರೆ ಹೇಳುವ ಕೆಲಸವನ್ನು ನೀನು ಹುಟ್ಟುವ ಮೊದಲೇ ನಾನು ಮಾಡಿದ್ದೇನೆ. ಆರೋಗ್ಯ ಸಹಾಯಕಿಯಾಗಿ ಈ ಬೆಟ್ಟದ ಸುತ್ತಿನ ಹಳ್ಳಿಗಳನ್ನು ಸುತ್ತುತ್ತಿದ್ದಾಗ ಬಸುರಿಯರ ಮೂತ್ರ ಪರೀಕ್ಷೆ ನಮ್ಮ ಕೈಯಲ್ಲೇ ಆಗಬೇಕಿತ್ತು. ಗಾಜಿನ ನಳಿಕೆಯಲ್ಲಿ 5 ಎಂಎಲ್ ಬೆನೆಡಿಕ್ಟ್ ದ್ರಾವಣ, ತಿಳಿ ನೀಲಿ. ಅದಕ್ಕೆ ಎಂಟು ತೊಟ್ಟು ಮೂತ್ರ. ಸ್ಪಿರಿಟ್ ದೀಪದ ಮೇಲೆ ಹಿಡಿದು ಎರಡು ನಿಮಿಷ ಕುದಿಸುವುದು. ನಳಿಕೆಯ ಬಾಯಿ ಯಾರ ಮುಖದ ಕಡೆಗೂ ಇರಬಾರದು, ಕುದಿ ಬಂದರೆ ಚಿಮ್ಮುತ್ತದೆ. ನೀಲಿಯಾಗೇ ಉಳಿದರೆ ಸಕ್ಕರೆ ಇಲ್ಲ. ಇದ್ದರೆ ಹಸಿರು, ಹಳದಿ, ಕಿತ್ತಳೆ, ಬಹಳ ಇದ್ದರೆ ಇಟ್ಟಿಗೆ ಕೆಂಪು. ಕೆಂಪು ಬಂದಾಗ ಆ ಹೆಂಗಸು ನಳಿಕೆ ನೋಡುತ್ತಿರಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಹಾಗಾಗಿ ನಾವು ಮೊದಲು ಕಲಿತದ್ದು ಮುಖದಲ್ಲಿ ಏನೂ ತೋರಿಸದೆ ಇರುವುದನ್ನು. ನಿನ್ನ ಆ್ಯಪಿಗೆ ಆ ವಿದ್ಯೆ ಬಾರದು, ಕಂಡಿದ್ದನ್ನು ಕಂಡ ಹಾಗೆ ಹೇಳಿಬಿಡುತ್ತದೆ.

ಆದರೆ ಆ ನಳಿಕೆಯ ಬಣ್ಣ ಎಷ್ಟು ಕಡಿಮೆ ಹೇಳುತ್ತಿತ್ತು ಅಂತ ನಿನಗೆ ಗೊತ್ತಾಗಬೇಕು. ಸಾಮಾನ್ಯವಾಗಿ ರಕ್ತದಲ್ಲಿ 180ರ ಹತ್ತಿರ ದಾಟಿದ ಮೇಲೆಯೇ ಸಕ್ಕರೆ ಮೂತ್ರಕ್ಕೆ ಇಳಿಯುವುದು. 170 ಇದ್ದವರಿಗೂ ನಳಿಕೆ ನೀಲಿ, 60ಕ್ಕೆ ಇಳಿದು ಬೆವರಿ ನಡುಗುತ್ತಿದ್ದವರಿಗೂ ನೀಲಿ. ಬಸುರಿಯರಲ್ಲಿ ಇದರ ಉಲ್ಟಾ, ರಕ್ತದಲ್ಲಿ ಸರಿಯಿದ್ದರೂ ಮೂತ್ರದಲ್ಲಿ ಕಾಣಿಸಿಕೊಳ್ಳುವುದುಂಟು. ಅಲ್ಲದೆ ಅದು ಆ ಕ್ಷಣದ ಮಾತಲ್ಲ, ಹಿಂದಿನ ಕೆಲವು ಗಂಟೆಗಳದ್ದು. ಮಾಗಡಿಗೋ ಬೆಂಗಳೂರಿಗೋ ಹೋಗಿ ರಕ್ತ ಕೊಟ್ಟು ಬಂದರೆ ಫಲಿತಾಂಶ ಬರುವ ಹೊತ್ತಿಗೆ ಅದು ಹಳೆಯ ಸುದ್ದಿಯಾಗಿರುತ್ತಿತ್ತು. ತನ್ನ ಮೈಯಲ್ಲಿ ಈಗ ಏನಾಗುತ್ತಿದೆ ಅಂತ ರೋಗಿಗೇ ತಿಳಿಯುವ ದಾರಿ ಇರಲಿಲ್ಲ.

ಆ ದಾರಿ ತೆಗೆದವರಲ್ಲಿ ಒಬ್ಬರು ನಿನ್ನ ಹಾಗೇ ಎಂಜಿನಿಯರು. ಅಮೆರಿಕದ ರಿಚರ್ಡ್ ಬರ್ನ್‌ಸ್ಟೀನ್ ಅಂತ. ಹನ್ನೆರಡು ವರ್ಷಕ್ಕೇ ಸಕ್ಕರೆ ಕಾಯಿಲೆ ಬಂದು, ಮಧ್ಯವಯಸ್ಸು ಮುಟ್ಟುವ ಮೊದಲೇ ಮೈಯೆಲ್ಲ ಹಾಳಾಗತೊಡಗಿತ್ತು. 1969ರಲ್ಲಿ ರಕ್ತದ ಸಕ್ಕರೆ ಅಳೆಯುವ ಹೊಸ ಯಂತ್ರದ ಜಾಹೀರಾತು ನೋಡಿದರು. ಅದನ್ನು ರೋಗಿಗಳಿಗೆ ಮಾರುತ್ತಿರಲಿಲ್ಲ, ವೈದ್ಯರಿಗೆ ಮತ್ತು ಆಸ್ಪತ್ರೆಗಳಿಗೆ ಮಾತ್ರ. ಅವರ ಹೆಂಡತಿ ವೈದ್ಯೆ, ಆಕೆಯ ಹೆಸರಿನಲ್ಲಿ ತರಿಸಿಕೊಂಡರು. ದಿನಕ್ಕೆ ಹಲವು ಸಲ ಚುಚ್ಚಿಕೊಂಡು ಅಳೆದು, ಏನು ತಿಂದರೆ ಎಷ್ಟು ಏರುತ್ತದೆ, ಎಷ್ಟು ಇನ್ಸುಲಿನ್‌ಗೆ ಎಷ್ಟು ಇಳಿಯುತ್ತದೆ ಎಲ್ಲ ಬರೆದಿಟ್ಟರು. ಅದನ್ನು ಲೇಖನ ಮಾಡಿ ವೈದ್ಯಕೀಯ ಪತ್ರಿಕೆಗಳಿಗೆ ಕಳಿಸಿದರೆ ಯಾರೂ ಅಚ್ಚು ಹಾಕಲಿಲ್ಲ. ನಲವತ್ತೈದಕ್ಕೆ ವೈದ್ಯಕೀಯ ಕಾಲೇಜು ಸೇರಿ ತಾವೇ ಡಾಕ್ಟರಾದರು. ಹೋದದ್ದು 2025ರಲ್ಲಿ, ತೊಂಬತ್ತರ ವಯಸ್ಸಿನಲ್ಲಿ. ಅವರು ಹೇಳುತ್ತಿದ್ದ ಪಥ್ಯ ರಾಗಿಮುದ್ದೆ ತಿನ್ನುವ ನಮ್ಮಂಥವರಿಗೆ ಒಗ್ಗುವುದಲ್ಲ, ಅದಿರಲಿ. ನನ್ನನ್ನು ಕೇಳಿದರೆ ಅವರನ್ನು ಉಳಿಸಿದ್ದು ಯಂತ್ರ ತೋರಿಸಿದ ಅಂಕಿಯಲ್ಲ, ಅಂಕಿಯ ಪಕ್ಕದಲ್ಲಿ ಬರೆದ ಆ ನಾಲ್ಕು ಮಾತು.

ಈಗ ನಿನ್ನ ಲೆಕ್ಕ ನೋಡೋಣ. ಅಳಿಸುವ ಮೊದಲು ನೀನು ನನಗೆ ಕಳಿಸಿದ್ದ ಪಿಡಿಎಫ್ ಇನ್ನೂ ಇಟ್ಟುಕೊಂಡಿದ್ದೇನೆ. 156, 149, 161, 152. ಎಲ್ಲವೂ ಎದ್ದ ತಕ್ಷಣ ಚುಚ್ಚಿಕೊಂಡದ್ದು. ಊಟವಾದ ಮೇಲಿನದ್ದು ಒಂದೂ ಇಲ್ಲ. ಪಕ್ಕದಲ್ಲಿ ಟಿಪ್ಪಣಿ ಅಂತ ಒಂದು ಖಾನೆ ಇದೆಯಲ್ಲ, ಅದು ಮೇಲಿಂದ ಕೆಳಗಿನ ತನಕ ಖಾಲಿ. ಇದರಲ್ಲಿ ನಾನು ಏನು ಓದಲಿ? ಡಾಕ್ಟರಾದರೂ ಏನು ಓದಿಯಾರು? 149 ಬಂದ ದಿನ ಖುಷಿಪಟ್ಟು 161 ಬಂದ ದಿನ ಕುಗ್ಗಿದ್ದೀಯ. ಮನೆಯ ಮೀಟರುಗಳಿಗೆ ಅಂತರರಾಷ್ಟ್ರೀಯ ಮಾನದಂಡವೇ ನೂರಕ್ಕೆ ಹದಿನೈದರಷ್ಟು ಆಚೀಚೆ ಒಪ್ಪುತ್ತದೆ. ಆ ಲೆಕ್ಕದಲ್ಲಿ ನಿನ್ನ ನಾಲ್ಕು ಅಂಕಿಗಳೂ ಒಂದೇ ಅಂಕಿ. ನಾಲ್ಕು ದಿನ ನೀನು ಒಂದೇ ಸಂಗತಿಯನ್ನು ನಾಲ್ಕು ಸಲ ಕೇಳಿ ನಾಲ್ಕು ಸಲ ಬೇಜಾರು ಮಾಡಿಕೊಂಡಿದ್ದೀಯ.

ಬೆಳಗಿನ ಅಂಕಿ ಬಹಳ ಹಟಮಾರಿ. "ರಾತ್ರಿ ಊಟವನ್ನೇ ಬಿಟ್ಟೆ, ಆದರೂ ಬೆಳಿಗ್ಗೆ ಜಾಸ್ತಿ" ಅಂದಿದ್ದೆ. ಊಟ ಬಿಟ್ಟರೂ ಯಕೃತ್ತು ಸುಮ್ಮನೆ ಕೂರುವುದಿಲ್ಲ. ಬೆಳಗಿನ ಜಾವ ಮೈ ಏಳಲು ಸಿದ್ಧವಾಗುವಾಗ ಕಾರ್ಟಿಸಾಲ್ ಮೊದಲಾದ ಹಾರ್ಮೋನುಗಳು ಏರುತ್ತವೆ, ಯಕೃತ್ತು ತನ್ನಲ್ಲಿ ಕೂಡಿಟ್ಟ ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಕಾಯಿಲೆ ಇಲ್ಲದವರಲ್ಲಿ ಇನ್ಸುಲಿನ್ ಅದನ್ನು ಹಿಡಿದಿಡುತ್ತದೆ, ನಮ್ಮಂಥವರಲ್ಲಿ ಆಗುವುದಿಲ್ಲ. ಇದು ನೀನು ತಪ್ಪು ಮಾಡಿದ್ದಕ್ಕೆ ಬಂದ ಅಂಕಿಯಲ್ಲ. ಇದು ಇಳಿಯಲು ಮಾತ್ರೆ, ನಿದ್ದೆ, ತೂಕ ಎಲ್ಲ ಸೇರಬೇಕು, ತಿಂಗಳುಗಟ್ಟಲೆ ಬೇಕು. ಜೊತೆಗೆ ನಿನ್ನ ಪಾಳಿ ಬೇರೆ. ಪಾಳಿ ಇದ್ದ ದಿನ ನೀನು ಮಲಗುವುದು ಬೆಳಿಗ್ಗೆ ಐದಕ್ಕೆ, ಏಳುವುದು ಮಧ್ಯಾಹ್ನ. ಆ್ಯಪಿಗೆ ಅದು ಗೊತ್ತಿಲ್ಲ. ಗಡಿಯಾರ ನೋಡಿ ಬೆಳಿಗ್ಗೆಯದ್ದನ್ನು ಫಾಸ್ಟಿಂಗ್ ಅಂತಲೂ ಮಧ್ಯಾಹ್ನದ್ದನ್ನು ಊಟದ್ದು ಅಂತಲೂ ತಾನೇ ಹಣೆಪಟ್ಟಿ ಅಂಟಿಸುತ್ತದೆ. ಕ್ಯಾಂಟೀನಿನಲ್ಲಿ ಬೆಳಗಿನ ಜಾವ ಮೂರಕ್ಕೆ ಪರೋಟ ತಿಂದು ಐದಕ್ಕೆ ಅಳೆದರೂ ಅದರ ಕಣ್ಣಿಗೆ ಖಾಲಿ ಹೊಟ್ಟೆಯೇ. ಆ ಹಣೆಪಟ್ಟಿ ನೀನೇ ಬದಲಿಸಬೇಕು, ಇಲ್ಲವೇ ಟಿಪ್ಪಣಿಯಲ್ಲಿ ‘ಪರೋಟ, ಎರಡು ಗಂಟೆ ಆಯಿತು’ ಅಂತ ಬರೆಯಬೇಕು. ಇನ್ನೊಂದು ಕೇಳುತ್ತೇನೆ, ಸೆಟ್ಟಿಂಗಿಗೆ ಹೋಗಿ ನೋಡಿದ್ದೀಯಾ, ಕೆಂಪು ಎಷ್ಟರಿಂದ ಶುರು ಅಂತ? ಸಾಮಾನ್ಯವಾಗಿ ಖಾಲಿ ಹೊಟ್ಟೆಗೆ 80ರಿಂದ 130, ಊಟವಾಗಿ ಎರಡು ಗಂಟೆಗೆ 180ರೊಳಗೆ ಅಂತ ಗುರಿ ಹೇಳುತ್ತಾರೆ. ನನ್ನ ವಯಸ್ಸಿಗೆ, ನಾನು ನುಂಗುವ ಮಾತ್ರೆಗೆ ಡಾಕ್ಟರು ಇನ್ನೂ ಸಡಿಲ ಮಾಡಿದ್ದಾರೆ. ನಿನ್ನ ಡಾಕ್ಟರು ಹೇಳಿದ ಗುರಿ ಯಾವುದೋ ಅದನ್ನು ಹಾಕಿಕೋ. ಯಾರೋ ಎಲ್ಲೋ ಕೂತು ಇಟ್ಟ ಗೆರೆಗೆ ನೀನು ಯಾಕೆ ಕೊರಗಬೇಕು?

ನಾನು ಹೇಗೆ ಬಳಸುತ್ತೇನೆ ಹೇಳುತ್ತೇನೆ, ಬೇಕಾದರೆ ತಗೋ.

ಇಲ್ಲಿ ಊಟ ಅಂದರೆ ಹಿಟ್ಟು, ಅಂದರೆ ರಾಗಿಮುದ್ದೆ. ಆ್ಯಪಿನ ತಿಂಡಿಪಟ್ಟಿಯಲ್ಲಿ ಹಿಟ್ಟು ಅಂತ ಹೊಡೆದರೆ ಗೋಧಿಹಿಟ್ಟು ಬರುತ್ತದೆ. ಮುದ್ದೆ ಅಂತ ಹೊಡೆದರೆ ‘ರಾಗಿ ಬಾಲ್, 1’. ಯಾರ ಮನೆಯ ಒಂದು? ಹೋಟೆಲಿನವನು ಕೊಡುವ ಒಂದೋ, ಕಣದಿಂದ ಬಂದ ನಿನ್ನ ತಾತನ ತಟ್ಟೆಗೆ ಬೀಳುವ ಒಂದೋ? ಹಾಗಾಗಿ ಒಂದು ದಿನ ತಕ್ಕಡಿ ತೆಗೆದು ತೂಗಿಯೇಬಿಟ್ಟೆ. ನಾನು ಕಟ್ಟುವ ಒಂದು ಹಿಟ್ಟಿಗೆ ನೂರು ಗ್ರಾಂ ರಾಗಿಹಿಟ್ಟು ಹೋಗುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಪಟ್ಟಿಗಳಲ್ಲಿ 100 ಗ್ರಾಂ ರಾಗಿಗೆ ಕಾರ್ಬೋಹೈಡ್ರೇಟ್ ಸುಮಾರು 67ರಿಂದ 72 ಗ್ರಾಂ, ಅಕ್ಕಿಗೆ 78. ಅಷ್ಟೇ ವ್ಯತ್ಯಾಸ. ರಾಗಿಯಲ್ಲಿ ನಾರಿದೆ, ಸುಣ್ಣದ ಅಂಶ 340 ಮಿಲಿಗ್ರಾಂ ಮೀರಿದೆ, ಹೊಟ್ಟೆಯಲ್ಲಿ ಹೊತ್ತು ನಿಲ್ಲುತ್ತದೆ, ಎಲ್ಲ ನಿಜ. ಆದರೆ "ಸಕ್ಕರೆ ಕಾಯಿಲೆಗೆ ರಾಗಿ ಔಷಧಿ, ಎಷ್ಟಾದರೂ ತಿನ್ನಿ" ಅನ್ನುವವರು ಊಟವಾಗಿ ಎರಡು ಗಂಟೆಗೆ ಬೆರಳು ಚುಚ್ಚಿಕೊಂಡು ನೋಡಿದವರಲ್ಲ.

ನಾನು ನೋಡಿದ್ದೇನೆ. ಊಟಕ್ಕೆ ಕೂರುವ ಮುಂಚೆ ಒಂದು ಸಲ, ಮೊದಲ ತುತ್ತಿನಿಂದ ಎರಡು ಗಂಟೆ ಎಣಿಸಿ ಇನ್ನೊಂದು ಸಲ. ಎರಡೂ ಜೋಡಿಯಾಗಿ ಇರಬೇಕು, ಒಂಟಿ ಅಂಕಿಯಿಂದ ಏನೂ ತಿಳಿಯದು. ಪೂರ್ತಿ ಹಿಟ್ಟು, ಬರೀ ಉಪ್ಸಾರು: 131 ಇದ್ದದ್ದು 238. ಅರ್ಧ ಹಿಟ್ಟು, ಸೊಪ್ಪಿನ ಬಸ್ಸಾರು, ತಟ್ಟೆಯ ಇನ್ನರ್ಧಕ್ಕೆ ಹುರುಳಿಕಾಳಿನ ಪಲ್ಯ, ಅದೂ ಪಲ್ಯ ಮೊದಲು, ಹಿಟ್ಟು ಆಮೇಲೆ: 134ರಿಂದ 176. ಅದೇ ಊಟ ಮಾಡಿ ವೀರಭದ್ರಸ್ವಾಮಿ ಗುಡಿ ತನಕ ನಡೆದು ಬಂದ ದಿನ 158. ನನ್ನ ಆ್ಯಪಿನ ಟಿಪ್ಪಣಿ ಖಾನೆ ತೆಗೆದು ನೋಡು, ‘ಅರ್ಧ ಹಿಟ್ಟು ಬಸ್ಸಾರು ಗುಡಿ’ ಅಂತ ಇಷ್ಟೇ ಇರುತ್ತದೆ. ಇನ್ನೊಂದು ದಿನ ‘ನಿದ್ದೆ ಇಲ್ಲ, ಹಸು ಈಯಿತು’. ಮತ್ತೊಂದು ದಿನ ‘ಮದುವೆ ಮನೆ, ಕೇಳಬೇಡ’. ಡಾಕ್ಟರು ಅದನ್ನು ಓದಿ ನಕ್ಕರು, ನಕ್ಕು ಮಾತ್ರೆ ಹೆಚ್ಚಿಸಲಿಲ್ಲ. ಬರೀ 262 ಅಂತ ಇದ್ದಿದ್ದರೆ ಹೆಚ್ಚಿಸುತ್ತಿದ್ದರೋ ಏನೋ.

ಚುಚ್ಚುವ ಪಟ್ಟಿ ಒಂದಕ್ಕೆ ಹದಿನೈದಿಪ್ಪತ್ತು ರೂಪಾಯಿ ಬೀಳುತ್ತದೆ, ಅದನ್ನು ಹಾಳು ಮಾಡಬಾರದು. ದಿನಾ ಬೆಳಿಗ್ಗೆ ಒಂದು ಸುಡುವ ಬದಲು ವಾರಕ್ಕೆ ಒಂದೆರಡು ಊಟ ಆರಿಸಿಕೊಂಡು ಜೋಡಿಯಾಗಿ ನೋಡು. ಈ ವಾರ ಕ್ಯಾಂಟೀನಿನ ಪರೋಟ, ಮುಂದಿನ ವಾರ ಪೀಜಿಯ ಚಿತ್ರಾನ್ನ, ಅದರ ಮುಂದಿನ ವಾರ ಚಿತ್ರಾನ್ನದ ಜೊತೆ ಎರಡು ಮೊಟ್ಟೆ. ಯಾವುದು ನಿನಗೆ ಆಗುತ್ತದೆ, ಯಾವುದು ಆಗುವುದಿಲ್ಲ ಅಂತ ಇನ್ನೊಬ್ಬರ ಪಟ್ಟಿ ನೋಡಿ ತಿಳಿಯುವುದಿಲ್ಲ. ಬೆರಳಿನ ತುದಿಗೆ ಚುಚ್ಚಬೇಡ, ಪಕ್ಕಕ್ಕೆ ಚುಚ್ಚು, ನೋವು ಕಡಿಮೆ. ಕೈ ಸೋಪಿನಲ್ಲಿ ತೊಳೆದು ಒರೆಸಿಕೊಂಡೇ ಚುಚ್ಚು. ಇದು ಮಡಿಯ ಮಾತಲ್ಲ. ಹೋದ ಬೇಸಿಗೆಯಲ್ಲಿ ಪಕ್ಕದ ಮನೆಯವರು ತೋಟದಲ್ಲಿ ಬಾದಾಮಿ ಮಾವು ಬಿಡಿಸಿ, ಹೆಚ್ಚಿ, ಮೊಮ್ಮಕ್ಕಳಿಗೆ ಕೊಟ್ಟು ಹಾಗೇ ಬಂದು ನನ್ನ ಮೀಟರಿನಲ್ಲಿ ನೋಡಿಕೊಂಡರು. 312! ಒಂದು ಹೋಳೂ ತಿಂದಿರಲಿಲ್ಲ ಪಾಪ, ಗಾಬರಿಗೆ ಮುಖ ಬಿಳಿಚಿಹೋಯಿತು. ಬಚ್ಚಲಿಗೆ ಕರೆದುಕೊಂಡು ಹೋಗಿ ಸೋಪು ಹಾಕಿ ತೊಳೆಸಿ ಇನ್ನೊಂದು ಬೆರಳಿಗೆ ಚುಚ್ಚಿದೆ, 154. ಬೆರಳಿಗೆ ಅಂಟಿದ್ದ ಮಾವಿನ ರಸವನ್ನು ಮೀಟರು ರಕ್ತದ ಲೆಕ್ಕಕ್ಕೆ ಸೇರಿಸಿತ್ತು. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಲದು, ನೀರೇ ಬೇಕು. ಅವತ್ತು ಬ್ಲೂಟೂತ್ ಆನ್ ಇದ್ದಿದ್ದರೆ ಆ 312 ನೇರ ನನ್ನ ಆ್ಯಪಿಗೆ ಹೋಗಿ ಕೂತಿರುತ್ತಿತ್ತು.

ಸರಾಸರಿಯನ್ನೂ ನಂಬಿ ಕೂರಬೇಡ. ಆ್ಯಪ್ ತೆರೆದ ಕೂಡಲೇ ದೊಡ್ಡದಾಗಿ ಕಾಣುವುದು ಅದೇ. ಒಂದು ದಿನ 60, ಇನ್ನೊಂದು ದಿನ 240 ಆದರೆ ಸರಾಸರಿ 150, ಹಸಿರು ಬಣ್ಣ. ಎರಡೂ ದಿನ ನೀನು ಅಪಾಯದಲ್ಲಿದ್ದೆ ಅಂತ ಆ ಹಸಿರು ಹೇಳುವುದಿಲ್ಲ. ಕೆಲವು ಆ್ಯಪುಗಳು ‘ಅಂದಾಜು ಎಚ್‌ಬಿಎ1ಸಿ’ ಅಂತಲೂ ತೋರಿಸುತ್ತವೆ. ನೀನು ಚುಚ್ಚಿಕೊಂಡ ಹೊತ್ತಿನ ಅಂಕಿಗಳಿಂದ ತೆಗೆದದ್ದು ಅದು, ಚುಚ್ಚದ ಹೊತ್ತಿನಲ್ಲಿ ಏನಾಯಿತು ಅಂತ ಅದಕ್ಕೇನು ಗೊತ್ತು? ಲ್ಯಾಬಿನ ಎಚ್‌ಬಿಎ1ಸಿ ಬೇರೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಅಷ್ಟೂ ದಿನ ಸಕ್ಕರೆ ಅದಕ್ಕೆ ಅಂಟುತ್ತ ಹೋಗುತ್ತದೆ, ಅದರಿಂದ ಹಿಂದಿನ ಎರಡು ಮೂರು ತಿಂಗಳ ಲೆಕ್ಕ ಸಿಗುತ್ತದೆ. ಅದಕ್ಕೂ ಒಂದು ತೊಡಕಿದೆ. ಕಬ್ಬಿಣದ ಕೊರತೆಯಿಂದ ರಕ್ತಹೀನತೆ ಇದ್ದವರಲ್ಲಿ ಅದು ಇರುವುದಕ್ಕಿಂತ ಜಾಸ್ತಿ ತೋರಿಸಬಹುದು. ಕಬ್ಬಿಣದ ಮಾತ್ರೆ ಹಂಚಿಯೇ ನೌಕರಿ ಸವೆಸಿದ ನನಗೆ ಇದು ಮರೆಯುವ ವಿಷಯವಲ್ಲ. ನಿಮ್ಮಮ್ಮನಿಗೆ ಹೇಳು, ಸಕ್ಕರೆ ನೋಡಿಸುವ ದಿನ ಹಿಮೋಗ್ಲೋಬಿನ್ನೂ ನೋಡಿಸಲಿ. ನಿನ್ನ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ನುಂಗುವುದಾದರೆ ಬಿ12 ಕಡಿಮೆಯಾಗುವುದುಂಟು, ಅದನ್ನೂ ಆಗಾಗ ಡಾಕ್ಟರ ಹತ್ತಿರ ಕೇಳು.

ಈ ಅಂಕಿಗಳ ಬಗ್ಗೆ ಇನ್ನೊಂದು ಮಾತು, ನೌಕರಿಯಲ್ಲಿ ಕಲಿತದ್ದು. ನಮ್ಮ ಕಾಲದಲ್ಲಿ ಎಲ್ಲಕ್ಕೂ ರಿಜಿಸ್ಟರು, ಎಲ್ಲಕ್ಕೂ ಗುರಿ. ಮೇಲಿನವರು ನೋಡುತ್ತಾರೆ ಅಂತ ಬರೆದ ಅಂಕಿ ಹೇಗಿರುತ್ತದೆ, ಮನೆ ಬಾಗಿಲಲ್ಲಿ ನಿಂತು ಬರೆದ ಅಂಕಿ ಹೇಗಿರುತ್ತದೆ ಅಂತ ನನಗೆ ಪುಟ ತಿರುಗಿಸಿದರೆ ಗೊತ್ತಾಗುತ್ತದೆ. ಮೊದಲನೆಯದು ದುಂಡಗಿರುತ್ತದೆ. ಆ್ಯಪಿಗೂ ಜನ ಹಾಗೇ ಬರೆಯುತ್ತಾರೆ. ಚೆನ್ನಾಗಿ ಬರುವ ದಿನ ಅಳೆಯುತ್ತಾರೆ, ಹೋಳಿಗೆ ತಿಂದ ದಿನ ಮೀಟರು ಮೂಲೆಗೆ. ನೀನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ರಿಜಿಸ್ಟರನ್ನೇ ಸುಟ್ಟುಹಾಕಿದ್ದೀಯ. ಆಸ್ಟ್ರಿಯಾದ ವಿಯೆನ್ನಾದಲ್ಲಿ ಸಕ್ಕರೆ ಕಾಯಿಲೆ ಇದ್ದವರೂ ಸೇರಿ ಮೈಶುಗರ್ ಅಂತ ಒಂದು ಆ್ಯಪ್ ಮಾಡಿದ್ದಾರಂತೆ. ಅದರಲ್ಲಿ ಕಾಯಿಲೆಯೇ ಒಂದು ಪುಟಾಣಿ ರಾಕ್ಷಸ. ನೀನು ಬರೆದಷ್ಟೂ ಅಂಕ, ಅಂಕ ಸೇರಿದಷ್ಟೂ ರಾಕ್ಷಸ ಪಳಗುತ್ತದೆ. ಅಂಕ ಕೊಡುವುದು ಬರೆದದ್ದಕ್ಕೆ ಅನ್ನುವುದನ್ನು ಗಮನಿಸು. ಕಾಯಿಲೆ ಅನುಭವಿಸಿದವರಿಗೆ ಮಾತ್ರ ಹೊಳೆಯುವ ಉಪಾಯ ಅದು.

ಯಾವ ಆ್ಯಪ್ ಹಾಕಿಕೊಳ್ಳುತ್ತೀಯೋ ನಿನಗೆ ಬಿಟ್ಟದ್ದು. ಆದರೆ ಹಾಕಿಕೊಳ್ಳುವಾಗ ಅದು ಏನೇನು ಕೇಳುತ್ತದೆ ಅಂತ ಓದು. ಸಕ್ಕರೆ ಲೆಕ್ಕ ಇಡುವ ಆ್ಯಪಿಗೆ ನಿನ್ನ ಫೋನಿನಲ್ಲಿರುವ ನೆಂಟರಿಷ್ಟರ ನಂಬರೆಲ್ಲ ಯಾಕೆ ಬೇಕು? 2023ರಲ್ಲಿ ಸಂಸತ್ತು ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾನೂನು ಮಾಡಿದೆ, ಅದು ಮಾಡುವ ಕೆಲಸ ಅದು ಮಾಡಲಿ, ‘ಒಪ್ಪಿಗೆ’ ಒತ್ತುವ ಬೆರಳು ಮಾತ್ರ ನಿನ್ನದೇ. ಕೆಲವು ಆ್ಯಪುಗಳಲ್ಲಿ ಅಂಕಿ ಹಾಕಿ ಮುಗಿಸುವಷ್ಟರಲ್ಲಿ ಪುಡಿ, ಕಷಾಯ, ‘ಮೂರು ತಿಂಗಳಲ್ಲಿ ಮಾತ್ರೆ ಬಿಡಿಸುತ್ತೇವೆ’ ಅನ್ನುವ ಜಾಹೀರಾತು ಮೇಲೆ ಬೀಳುತ್ತದೆ. ನಿನ್ನ ವಯಸ್ಸಿನಲ್ಲಿ, ಕಾಯಿಲೆ ಶುರುವಿನಲ್ಲಿ, ತೂಕ ಚೆನ್ನಾಗಿ ಇಳಿಸಿದರೆ ಮಾತ್ರೆ ಕಡಿಮೆಯಾಗುವುದು, ಕೆಲವರಿಗೆ ನಿಲ್ಲುವುದೂ ನಿಜ. ಅದನ್ನು ಡಾಕ್ಟರು ಮಾಡಬೇಕು, ಜಾಹೀರಾತಿನವನಲ್ಲ. ನಮ್ಮೂರಿಗೆ ಈಗ ಆಶಾ ಕಾರ್ಯಕರ್ತೆಯರು ಮನೆ ಬಾಗಿಲಿಗೇ ಬಂದು ಬಿಪಿ, ಸಕ್ಕರೆ ವಿಚಾರಿಸುತ್ತಾರೆ. ಗೃಹ ಆರೋಗ್ಯ ಅಂತ ಸರ್ಕಾರದ ಯೋಜನೆ, 2024ರಲ್ಲಿ ಕೋಲಾರದಲ್ಲಿ ಶುರುವಾದದ್ದು. ಆ ಹುಡುಗಿಯರ ಕೈಯಲ್ಲೂ ಮೊಬೈಲೇ. ನಮ್ಮ ಬೆನ್ನು ಬಗ್ಗಿಸಿದ್ದ ರಿಜಿಸ್ಟರಿನ ಕಟ್ಟು ಅವರಿಗಿಲ್ಲ, ನೋಡಿ ಹೊಟ್ಟೆ ಉರಿಯುತ್ತದೆ.

ಇನ್ನು ಬೆಟ್ಟ ಹತ್ತುವ ವಿಷಯ. ಆಫೀಸಿನ ಗೆಳೆಯರ ಜೊತೆ ಮುಂದಿನ ಭಾನುವಾರ ಬರುತ್ತೀಯಂತೆ. ಒಳ್ಳೆಯದೇ, ಈ ಚಳಿಯಲ್ಲೇ ಹತ್ತಬೇಕು. ಬೇಸಿಗೆಯಲ್ಲಿ ಸಾವನದುರ್ಗದ ಕರಿಗುಡ್ಡದ ಬಂಡೆ ಕಾದು ಕಾಲಿಡಲು ಆಗುವುದಿಲ್ಲ. ಆದರೆ ಇದು ಸಮುದ್ರಮಟ್ಟದಿಂದ 1,226 ಮೀಟರಿನ ಬೆಟ್ಟ, ಮೆಟ್ಟಿಲಿಲ್ಲದ ಒಂದೇ ಬಂಡೆ, ಮೈಯ ಸಕ್ಕರೆಯನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ದುಡಿಯುವ ಸ್ನಾಯು ಇನ್ಸುಲಿನ್ ಸಾಲದಿದ್ದರೂ ರಕ್ತದಿಂದ ಸಕ್ಕರೆ ತೆಗೆದುಕೊಳ್ಳುತ್ತದೆ, ಇಳಿದು ಬಂದ ಮೇಲೂ ಗಂಟೆಗಟ್ಟಲೆ ತೆಗೆದುಕೊಳ್ಳುತ್ತಲೇ ಇರುತ್ತದೆ. ನೀನು ಬರೀ ಮೆಟ್‌ಫಾರ್ಮಿನ್ ಮೇಲಿರುವುದರಿಂದ ಸಕ್ಕರೆ ತೀರಾ ಕೆಳಗಿಳಿಯುವ ಭಯ ಕಡಿಮೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ, ನನ್ನ ಹಾಗೆ ಗ್ಲಿಮೆಪಿರೈಡ್ ನುಂಗುವವರಿಗೆ ಆ ಭಯ ಜಾಸ್ತಿ. ನಿನ್ನ ಗೆಳೆಯರಲ್ಲಿ ಒಬ್ಬನಿಗೆ ಚಿಕ್ಕಂದಿನಿಂದ ಇನ್ಸುಲಿನ್ ಇದೆ ಅಂದಿದ್ದೆಯಲ್ಲ, ಅವನಿಗೆ ಹೇಳು: ಹತ್ತುವ ಮುಂಚೆ ನೋಡಿಕೊಳ್ಳಲಿ, ನಡುವೆ ಒಂದು ಸಲ, ಇಳಿದ ಮೇಲೆ ಒಂದು ಸಲ, ಮಲಗುವ ಮುಂಚೆ ಇನ್ನೊಂದು ಸಲ. ಅವತ್ತಿನ ಇನ್ಸುಲಿನ್ ಎಷ್ಟು ಅಂತ ಅವನ ಡಾಕ್ಟರನ್ನು ಮೊದಲೇ ಕೇಳಿಕೊಂಡು ಬರಲಿ. ಹಠಾತ್ತನೆ ಬೆವರು, ಕೈ ನಡುಕ, ತಡೆಯಲಾರದ ಹಸಿವು, ಮಾತು ತೊದಲುವುದು ಕಂಡರೆ ಬಂಡೆಯ ಮೇಲೆ ಕೂರಿಸಿಬಿಡಿ, ಒಂದು ಹೆಜ್ಜೆ ಇಡಲು ಬಿಡಬೇಡಿ. 70ಕ್ಕಿಂತ ಕಡಿಮೆಯಿದ್ದರೆ 15 ಗ್ರಾಂ ಗ್ಲೂಕೋಸ್, ಇಲ್ಲವೇ ಮೂರು ಟೀ ಚಮಚ ಸಕ್ಕರೆ, ನೀರಿನಲ್ಲಿ ಕದಡಿ ಕುಡಿಸಿ. ಹದಿನೈದು ನಿಮಿಷ ಕಾದು ಮತ್ತೆ ಅಳೆಯಿರಿ, ಏರದಿದ್ದರೆ ಮತ್ತೆ ಅಷ್ಟೇ ಕೊಡಿ. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆಯನ್ನು ತಡ ಮಾಡುತ್ತದೆ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಹೊತ್ತು ಇಳಿಸಿ, 108ಕ್ಕೆ ಫೋನ್ ಮಾಡಿ. ಮೇಲೆ ನೆಟ್‌ವರ್ಕ್ ಸಿಗದೆ ಹೋಗಬಹುದು, ಅಲ್ಲಿ ಫೋನಿನ ಆ್ಯಪಿಗಿಂತ ಜೇಬಿನಲ್ಲಿರುವ ಗ್ಲೂಕೋಸ್ ಪೊಟ್ಟಣವೇ ಕೆಲಸಕ್ಕೆ ಬರುವುದು.

ಕಾಲಿಗೆ ಸರಿಯಾದ ಶೂ ಹಾಕಿಕೊಂಡು ಬಾ. ಹೊಸದು ಬೇಡ, ಕಚ್ಚುತ್ತದೆ. ಇಳಿದ ಮೇಲೆ ಪಾದ, ಬೆರಳ ಸಂದು ನೋಡಿಕೋ. ನರಸಿಂಹಸ್ವಾಮಿ ಗುಡಿಯ ಹತ್ತಿರ ಯಾರಾದರೂ ಪಾನಕ ಕೊಟ್ಟರೆ ಒಂದು ಗುಟುಕು ಸಾಕು. ಬೆಲ್ಲ ಆದರೆ ಪರವಾಗಿಲ್ಲ ಅಂತ ನಿನ್ನ ತಾತ ಹೇಳುತ್ತಾರೆ, ಅವರ ಮಾತು ಕೇಳಬೇಡ. ಅವರಿಗೆ ಸಕ್ಕರೆ ಇಲ್ಲ.

ಆ್ಯಪ್ ಮತ್ತೆ ಹಾಕಿಕೊಂಡೇ ಬರಬೇಕು ಅಂತ ಹಟವಿಲ್ಲ. ಅದು ಸೇರದಿದ್ದರೆ ನೂರು ಪುಟದ ನೋಟ್‌ಬುಕ್ ಒಂದು ತಗೊಂಡು ಗೆರೆ ಎಳೆದು ಖಾನೆ ಮಾಡಿಕೋ, ಟಿಪ್ಪಣಿಯ ಖಾನೆಯನ್ನು ಎಲ್ಲಕ್ಕಿಂತ ಅಗಲ ಮಾಡು. ಆದರೆ ನಿನ್ನ ಬುದ್ಧಿ ನನಗೆ ಗೊತ್ತು, ನೋಟ್‌ಬುಕ್ ಪೀಜಿಯಲ್ಲಿ ಬಿಟ್ಟು ಹೋಗುತ್ತೀಯ, ಫೋನ್ ಬಿಟ್ಟು ಹೋಗುವುದಿಲ್ಲ.

ಬರುವಾಗ ನನ್ನ ಮೀಟರಿನ ಪಟ್ಟಿ ಒಂದು ಡಬ್ಬಿ ತಾ. ಡಬ್ಬಿಯ ಮೇಲಿನ ದಿನಾಂಕ ನೋಡಿ ತಗೋ, ಅವಧಿ ಹತ್ತಿರವಾದದ್ದನ್ನು ಅಂಗಡಿಯವರು ಮುಂದೆ ತಳ್ಳುತ್ತಾರೆ. ದಾರಿಯಲ್ಲಿ ಬಿಸಿಲು ಬೀಳುವ ಕಡೆ ಇಡಬೇಡ, ಡಬ್ಬಿಯ ಮುಚ್ಚಳ ತೆಗೆದು ಎಣಿಸುವುದೂ ಬೇಡ, ತೇವ ತಾಗಿದರೆ ಕೆಡುತ್ತವೆ. ಗೆಳೆಯರು ಎಷ್ಟು ಜನ ಅಂತ ಶನಿವಾರ ಸಂಜೆಯೊಳಗೆ ಹೇಳು, ಹಿದುಕಿದ ಬೇಳೆ ಸಾರು ಮಾಡಿಸುತ್ತೇನೆ, ಕಾಯಿ ಬಿಡಿಸಿ ನೆನೆಹಾಕಿ ಹಿದುಕಲು ಕೈ ಬೇಕು. ನಿನಗೂ ನನಗೂ ಅರ್ಧರ್ಧ ಹಿಟ್ಟು. ಎರಡು ಗಂಟೆ ಬಿಟ್ಟು ಇಬ್ಬರೂ ಚುಚ್ಚಿಕೊಳ್ಳೋಣ, ಯಾರದ್ದು ಜಾಸ್ತಿ ಏರಿರುತ್ತದೋ ಅವರು ಪಾತ್ರೆ ತೊಳೆಯಬೇಕು. ನಿನ್ನ ತಾತ ಆಗಲೇ ನನ್ನ ಕಡೆ ಪಂದ್ಯ ಕಟ್ಟಿದ್ದಾರೆ.

ಇಂತಿ ನಿನ್ನ
ಅಜ್ಜಿ